ತಮಟೆಯವನಿಗೆ ನಾವು ಕೇಳದೇ ಹೋದ ಪ್ರಶ್ನೆ

ಕಲಾವಿದರ ಜೊತೆ ಮಾತುಕತೆ ಎಂಬುದು ನಮ್ಮ ಪತ್ರಿಕೆಗಳಲ್ಲಿ ಎರಡು ಬಗೆಯಾಗಿ ಅಚ್ಚಾಗುತ್ತದೆ. ಬೆಂಗಳೂರಿನ ಗ್ಯಾಲರಿಯಲ್ಲಿ ಚಿತ್ರ ತೂಗುಹಾಕಿದವರು ಸಿಕ್ಕರೆ ನಾವು ಕೇಳುವುದು: ಇಲ್ಲಿ ಈ ಕೆಂಪು ಯಾಕೆ ಬಂತು, ಗೆರೆ ಇಲ್ಲಿಗೇ ಯಾಕೆ ನಿಂತಿತು, ಬರೆಯುವಾಗ ಮನಸ್ಸಿನಲ್ಲಿ ಏನು ನಡೆದಿತ್ತು. ಹಳ್ಳಿಯಲ್ಲಿ ತಮಟೆಯವನು ಸಿಕ್ಕರೆ ಕೇಳುವುದು: ವಯಸ್ಸೆಷ್ಟು, ಮಕ್ಕಳೆಷ್ಟು, ಮಾಸಾಶನ ಬರುತ್ತಿದೆಯೇ, ಯಾರಿಂದ ಕಲಿತೆ. ಮೊದಲನೆಯವರಿಗೆ ತಲೆ ಇದೆ ಎಂದು ಒಪ್ಪಿಕೊಂಡೇ ಮಾತು ಶುರುವಾಗುತ್ತದೆ. ಎರಡನೆಯವನಿಗೆ ಹೊಟ್ಟೆ ಮಾತ್ರ ಇದೆ ಎಂದು ನಾವು ಮೊದಲೇ ತೀರ್ಮಾನ ಮಾಡಿರುತ್ತೇವೆ. ಹೊಟ್ಟೆಯ ಪ್ರಶ್ನೆ ಸಣ್ಣದೆಂದು ಈ ಪತ್ರಿಕೆಯ ಓದುಗರಿಗೆ ಯಾರೂ ಹೇಳಬೇಕಾಗಿಲ್ಲ. ಆದರೆ ಹಸಿವಿನ ವಿಚಾರ ಮಾತ್ರ ಕೇಳಿ ಎದ್ದು ಬರುವುದು ಸಹ ಒಂದು ಬಗೆಯ ಮೇಲುಜಾತಿತನವೇ.

ಇನ್ನೊಂದು ಮಾತಿದೆ, ಅದು ಇನ್ನೂ ಅಪಾಯದ್ದು. 'ಇವರಿಗೆ ಕಲೆ ರಕ್ತದಲ್ಲೇ ಇದೆ' ಎಂದು ವೇದಿಕೆ ಮೇಲೆ ಗಣ್ಯರು ಹೇಳುತ್ತಾರೆ. ನಾವು ಚಪ್ಪಾಳೆ ತಟ್ಟುತ್ತೇವೆ. ಹುಟ್ಟಿನಿಂದಲೇ ಕಸುಬು ಬರುತ್ತದೆ ಎಂದು ಮನು ಹೇಳಿದ್ದನ್ನೇ ಹೊಗಳಿಕೆಯ ಶಾಲು ಹೊದಿಸಿ ಹೇಳಿದರೆ ಅದು ಬೇರೆಯಾಗುತ್ತದೆಯೇ? ಸಂಗೀತ ಕಚೇರಿಯ ವಿದ್ವಾಂಸರದ್ದು ಸಾಧನೆ, ತಮಟೆಯವನದ್ದು ರಕ್ತ! ಕಲಿತದ್ದು, ತಪ್ಪಿದ್ದು, ತಿದ್ದಿಕೊಂಡದ್ದು, ಹೊಸದಾಗಿ ಹುಡುಕಿದ್ದು ಯಾವುದೂ ಅವನ ಲೆಕ್ಕಕ್ಕಿಲ್ಲ.

ಈ ಮಾತುಗಳನ್ನು ಪುಸ್ತಕ ಓದಿ ಬರೆಯುತ್ತಿಲ್ಲ. ನಾವೇ ಈ ತಪ್ಪು ಮಾಡಿ, ಮಿಡಿಗೇಶಿಯಲ್ಲಿ ಸಿಕ್ಕಿಬಿದ್ದು, ಬುದ್ಧಿ ಕಲಿತು ಬಂದು ಬರೆಯುತ್ತಿದ್ದೇವೆ.

ಮಿಡಿಗೇಶಿ ಇರುವುದು ಮಧುಗಿರಿಯಿಂದ ಪಾವಗಡದ ಕಡೆಗೆ ಹೋಗುವ ದಾರಿಯಲ್ಲಿ. ಊರಿನ ಬೆನ್ನಿಗೆ ಕೋಟೆ ಬೆಟ್ಟ. ಸುತ್ತ ಕಡಲೆಕಾಯಿ ಹೊಲ, ರಾಗಿ, ಹುಣಸೆಮರ, ಕಲ್ಲುಬಂಡೆ. ಆಂಧ್ರದ ಗಡಿ ಹತ್ತಿರವಾದ್ದರಿಂದ ಮಾತು ಕನ್ನಡಕ್ಕೂ ತೆಲುಗಿಗೂ ಓಡಾಡುತ್ತಿರುತ್ತದೆ. ಹಿಮ್ಮಡಿ ಮುಟ್ಟುವಷ್ಟು ಕೂದಲಿದ್ದ ಹೆಂಗಸೊಬ್ಬಳು ಇಲ್ಲಿ ಚಿತೆ ಏರಿದಳು, ಅವಳಿಂದ ಊರಿಗೆ ಈ ಹೆಸರು ಬಂತು ಎಂದು ಒಂದು ಕಥೆ ಹೇಳುತ್ತಾರೆ. ಆ ಕಥೆಯಲ್ಲಿ ಕೂದಲಿದೆ, ಬೆಂಕಿಯಿದೆ. ಅವತ್ತು ಚಿತೆಯ ಮುಂದೆ ವಾದ್ಯ ಬಡಿದವರು ಯಾರು, ಅವಳ ಕೂಗು ಊರಿಗೆ ಕೇಳದಂತೆ ಬಡಿ ಎಂದು ಅವರಿಗೆ ಅಪ್ಪಣೆ ಕೊಟ್ಟವರು ಯಾರು ಎಂಬುದು ಕಥೆಯಲ್ಲಿಲ್ಲ.

ಈ ಸೀಮೆ ಬಂಡಾಯಕ್ಕೆ ಹೊಸದೇನಲ್ಲ. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಕಟ್ಟುವಾಗ ಮುಂದೆ ನಿಂತ ಬರಗೂರು ರಾಮಚಂದ್ರಪ್ಪನವರ ಹುಟ್ಟೂರು ಬರಗೂರು ಪಕ್ಕದ ಸಿರಾ ತಾಲ್ಲೂಕಿನದು. 2019ರಲ್ಲಿ ತೀರಿಕೊಂಡ ಕವಿ ಕೆ.ಬಿ. ಸಿದ್ದಯ್ಯ ತುಮಕೂರಿನಲ್ಲಿದ್ದುಕೊಂಡೇ ಬರೆದವರು, ಹುಡುಗರನ್ನು ಬೆಳೆಸಿದವರು. ಸಾಹಿತ್ಯದ ಬಗ್ಗೆ ನಾವು ಇಲ್ಲಿ ಬೇಕಾದಷ್ಟು ಮಾತಾಡಿದ್ದೇವೆ. ಆದರೆ ಅಕ್ಷರ ಬಾರದ ಕೈ ಹೇಗೆ ಯೋಚಿಸುತ್ತದೆ ಎಂದು ಕೂತು ಕೇಳಿದ್ದು ಕಡಿಮೆ. ಅದಕ್ಕಾಗಿ ಇಬ್ಬರು ಮೇಷ್ಟ್ರುಗಳು, ನಾಲ್ಕೈದು ಜನ ಕಾಲೇಜು ಹುಡುಗ ಹುಡುಗಿಯರು ಸೇರಿ ಹೋದೆವು. ಸುತ್ತಲ ಹಳ್ಳಿಗಳಿಂದ ಕಲಾವಿದರು ಮಿಡಿಗೇಶಿಗೆ ಬಂದು ಕೂತು ಮಾತಾಡಿದರು.

ಅವರ ಹೆಸರನ್ನು ಇಲ್ಲಿ ಹಾಕಿಲ್ಲ. ಹಿರಿಯ ತಮಟೆಯವರು ಮೊದಲೇ ಹೇಳಿದರು: "ಹೆಸ್ರು ಬ್ಯಾಡ ಮೇಷ್ಟ್ರೇ. ನೀವು ಬರ್ಕಂಡು ಬಸ್ ಹತ್ತಿ ಹೋಯ್ತೀರ. ನಾವು ಅದೇ ಊರಾಗೆ ಬಾಳ್ಬೇಕು." ಕೆಳಜಾತಿಯ ಕಲಾವಿದನಿಗೆ ಹೆಸರಿಲ್ಲ ಎಂದು ದೂರುವ ಲೇಖನದಲ್ಲೇ ಹೆಸರಿಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ಇಲ್ಲಿ ಹೆಸರು ಇಲ್ಲದಿರುವುದಕ್ಕೆ ನಮ್ಮ ಮರೆವು ಕಾರಣವಲ್ಲ, ಊರಿನ ಭಯ ಕಾರಣ. ಆ ಭಯವೂ ಈ ವಿಮರ್ಶೆಯ ಒಂದು ಭಾಗ ಎಂದು ಓದುಗರು ತಿಳಿಯಬೇಕು.

ಮೊದಲ ಅರ್ಧ ಗಂಟೆ ನಾವು ಹಳೇ ಪ್ರಶ್ನೆಗಳನ್ನೇ ಕೇಳಿದೆವು. ಅವರು ರೇಷನ್ ಅಂಗಡಿ ಮುಂದೆ ನಿಂತವರಂತೆ ಉತ್ತರ ಕೊಟ್ಟರು. ವಯಸ್ಸು ಇಷ್ಟು, ಮಕ್ಕಳು ಇಷ್ಟು, ಜಮೀನು ಇಲ್ಲ. ನಮ್ಮ ಜೊತೆ ಬಂದಿದ್ದ ಹುಡುಗಿಯೊಬ್ಬಳು ನಡುವೆ ಬಾಯಿ ಹಾಕಿ, "ತಾತ, ಬಾರಿಸೋಕೆ ಮೊದ್ಲು ಅದನ್ನ ಬೆಂಕಿಗೆ ಹಿಡೀತೀರಲ್ಲ, ಸಾಕು ಅಂತ ಹೆಂಗೆ ಗೊತ್ತಾಗುತ್ತೆ?" ಅಂದಳು. ಅವರು ತಲೆ ಎತ್ತಿ ಅವಳನ್ನು ನೋಡಿದರು. ಅಲ್ಲಿಂದ ಮಾತು ಬದಲಾಯಿತು.

"ಬೆಂಕಿಗೆ ಹಿಡಿಯೋದು ಎಲ್ರೂ ನೋಡ್ಯವ್ರೆ ಕಣವ್ವ. ಯಾವಾಗ ತೆಗೀತೀವಿ ಅನ್ನೋದ ಯಾರೂ ನೋಡಿಲ್ಲ. ಹುಲ್ಲಿನ ಬೆಂಕಿ ಬ್ಯಾರೆ, ಸೌದೆ ಬೆಂಕಿ ಬ್ಯಾರೆ. ಒಸಿ ಜಾಸ್ತಿ ಆದ್ರೆ ಚರ್ಮ ಸೀದೋಯ್ತದೆ, ಕಮ್ಮಿ ಆದ್ರೆ ಬೊದ್ ಅಂತದೆ. ಮೋಡ ಕವಿದ ದಿನ ಒಂದ್ ಲೆಕ್ಕ, ಬಿಸ್ಲಿನ ದಿನ ಒಂದ್ ಲೆಕ್ಕ. ಬೆರಳಲ್ಲಿ ತಟ್ಟಿ ಕಿವಿ ಕೊಡ್ಬೇಕು, ಅಷ್ಟೇ."

ಎರಡು ಕೋಲಿನ ಬಗ್ಗೆ ಕೇಳಿದೆವು. ಬಲಗೈಲಿ ಗಿಡ್ಡ ದಪ್ಪ ಕೋಲು, ಎಡಗೈಲಿ ಉದ್ದನೆಯ ತೆಳ್ಳಗಿನ ಸೀಳು. "ಬಲಗೈದು ಕಥೆ ಹೇಳ್ತದೆ, ಎಡಗೈದು ಹೂಂಗುಡ್ತದೆ. ಹೂಂಗುಡೋನು ಇಲ್ದಿದ್ರೆ ಕಥೆ ಹೇಳೋನ್ಗೆ ಬಾಯೇ ಬರಲ್ಲ." ಇದಕ್ಕಿಂತ ಚೆನ್ನಾಗಿ ತಾಳದ ವಿಚಾರ ವಿವರಿಸಿದ್ದನ್ನು ನಾವು ಎಲ್ಲೂ ಓದಿಲ್ಲ.

ಸಾವಿನ ಮುಂದೆ ಬಾರಿಸುವಾಗ ಏನು ನೋಡುತ್ತೀರಿ ಎಂದೆವು. "ಹೆಣ ಹೊತ್ತೋರ ಕಾಲು. ಏರು ಬಂದ್ರೆ ನಾನು ನಿಧಾನ ಆಗ್ಬೇಕು, ಇಳಿಜಾರಲ್ಲಿ ಅವ್ರನ್ನ ತಡೀಬೇಕು. ಅವ್ರು ಎಡವಿದ್ರೆ ನಾನು ತಪ್ಪು ಬಾರಿಸ್ದಂಗೆ." ನೂರಾರು ಸಾವಿನ ಮೆರವಣಿಗೆ ನೋಡಿದ ನಮಗೆ ತಮಟೆಯವನು ಹೊತ್ತವರ ಕಾಲನ್ನು ಕಾಯುತ್ತಾ ನಡೆಯುತ್ತಾನೆ ಎಂಬುದು ಗೊತ್ತಿರಲಿಲ್ಲ. ಹೆಣಕ್ಕೆ ಹೆಗಲು ಕೊಡುವ ಹಕ್ಕು ಅವನಿಗಿಲ್ಲ. ಹೆಗಲು ಕೊಟ್ಟವರನ್ನು ನಡೆಸುತ್ತಿರುವವನು ಅವನೇ.

ನಿಮ್ಮದೇ ಆದ ಒಂದು ಪೆಟ್ಟು ಉಂಟೇ ಎಂದು ಕೊನೆಗೆ ಕೇಳಿದೆವು. ನಾಚಿಕೊಂಡರು. ಆಮೇಲೆ ಹೇಳಿದರು. ಈ ಬರಗಾಲದ ಸೀಮೆಯಲ್ಲಿ ಬೋರ್‌ವೆಲ್ ಕೊರೆಯುವ ಲಾರಿ ರಾತ್ರಿಯೆಲ್ಲ ಹೊಡೆಯುತ್ತಿರುತ್ತದೆ. ಕಲ್ಲು ಸಿಕ್ಕಾಗ ಒಂದು ಸದ್ದು, ಮಣ್ಣು ಸಿಕ್ಕಾಗ ಒಂದು ಸದ್ದು, ನೀರು ಸಿಕ್ಕರೆ ಬೇರೆಯದೇ ಸದ್ದು. ನಿದ್ದೆ ಬಾರದೆ ಮಲಗಿ ಅದನ್ನೇ ಕೇಳಿ ಕೇಳಿ, ಅದನ್ನು ತಮಟೆಗೆ ತಂದಿದ್ದಾರೆ. ಮೊದಲು ಒಣ ಪೆಟ್ಟು, ಒಣ ಪೆಟ್ಟು, ಇನ್ನು ಸಾಕು ಅನ್ನುವವರೆಗೂ ಒಣ ಪೆಟ್ಟು. ಆಮೇಲೆ ಎರಡೂ ಕೋಲು ಒಟ್ಟಿಗೆ ಬಿದ್ದು ಒದ್ದೆಯಾದ ಒಂದು ಸದ್ದು. ಜಾತ್ರೆಯಲ್ಲಿ ಹುಡುಗರು ಅದಕ್ಕೆ ಕುಣಿಯುತ್ತಾರೆ. ಯಾರ ಹೊಲದ ಬೋರಿನ ಸದ್ದಿಗೆ ತಾವು ಕುಣಿಯುತ್ತಿದ್ದೇವೆ ಎಂದು ಅವರಿಗೆ ಗೊತ್ತಿಲ್ಲ. ಕೆಲವು ಸಲ ಆ ಕೊನೆಯ ಸದ್ದನ್ನು ಇವರು ಬಾರಿಸುವುದೇ ಇಲ್ಲವಂತೆ. "ಎಲ್ಲಾ ಬೋರಲ್ಲೂ ನೀರ್ ಬತ್ತದಾ?" ಎಂದು ನಮ್ಮನ್ನೇ ಕೇಳಿದರು.

ಸಮಕಾಲೀನ ಕಲೆ ಎಂದರೆ ಏನು ಎಂದು ವಿಚಾರ ಸಂಕಿರಣಗಳಲ್ಲಿ ಚರ್ಚೆಯಾಗುತ್ತದೆ. ತಮಟೆಯನ್ನು ಜನಪದ ಎಂಬ ಪೆಟ್ಟಿಗೆಗೆ ಹಾಕಿ, ಅದು ಹಿಂದಿನಿಂದ ಬಂದದ್ದು, ಬದಲಾಗದ್ದು, ಉಳಿಸಬೇಕಾದದ್ದು ಎಂದು ಮುಚ್ಚಳ ಹಾಕುತ್ತೇವೆ. ತನ್ನ ಕಾಲದ ಸಂಕಟವನ್ನು ತನ್ನ ಮಾಧ್ಯಮಕ್ಕೆ ತಂದು, ಅದರ ಕೊನೆಯನ್ನು ಬಾರಿಸಬೇಕೋ ಬೇಡವೋ ಎಂದು ಯೋಚಿಸುವವನು ಸಮಕಾಲೀನನಲ್ಲದಿದ್ದರೆ ಇನ್ಯಾರು ಸಮಕಾಲೀನ?

ಇಲ್ಲಿಗೆ ನಿಲ್ಲಿಸಿದ್ದರೆ ಈ ಲೇಖನ ಸುಖವಾಗಿ ಮುಗಿಯುತ್ತಿತ್ತು. ಆದರೆ ಅವರ ಮಗ ಅಲ್ಲೇ ಗೋಡೆಗೆ ಒರಗಿ ಕೂತಿದ್ದ. ಪದವಿ ಮುಗಿಸಿದ್ದಾನೆ, ತುಮಕೂರಿನ ಕಡೆ ಫ್ಯಾಕ್ಟರಿ ಕೆಲಸ. ಅವನು ತಮಟೆ ಮುಟ್ಟುವುದಿಲ್ಲ. ಯಾಕೆ ಎಂದೆವು. "ನಮ್ಮಪ್ಪ ಬಾರಿಸೋದು ಚೆಂದ ಅಂತ ನಿಮಗಿಂತ ಚೆನ್ನಾಗಿ ನಂಗೊತ್ತು ಸಾರ್. ಆದ್ರೆ ಬಾರಿಸಿದ ಮೇಲೆ ದುಡ್ಡು ಕೈಗೆ ಕೊಡಲ್ಲ. ನೆಲಕ್ಕೆ ಹಾಕ್ತಾರೆ. ಬಗ್ಗಿ ಎತ್ಕೋಬೇಕು. ನಾನು ಬಗ್ಗಲ್ಲ." ಅಪ್ಪ ಏನೂ ಹೇಳಲಿಲ್ಲ. ಕೋಲನ್ನು ಕೈಯಲ್ಲಿ ತಿರುಗಿಸುತ್ತಾ ಕೂತರು.

ಈ ಬಗ್ಗುವಿಕೆ ನಿನ್ನೆ ಮೊನ್ನೆಯದಲ್ಲ. ತೋಟಿ, ತಳವಾರ ಎಂಬ ಹೆಸರಿನಲ್ಲಿ ಊರಿನ ಚಾಕರಿಯನ್ನು ಹುಟ್ಟಿಗೇ ಕಟ್ಟಿಹಾಕಿದ್ದರು. ಸಾರು ಹಾಕುವುದು, ಸಾವಿನ ಸುದ್ದಿ ಹೊತ್ತು ಓಡುವುದು, ದೇವರ ಮುಂದೆ ಬಡಿಯುವುದು, ಸತ್ತ ದನ ಎಳೆಯುವುದು, ಇವೆಲ್ಲ ಕೇರಿಯ ಪಾಲಿಗೆ. ಬಾಬಾಸಾಹೇಬರು 1928ರಷ್ಟು ಹಿಂದೆಯೇ ಮುಂಬಯಿ ಶಾಸನ ಸಭೆಯಲ್ಲಿ ಮಹಾರ್ ವತನದ ವಿರುದ್ಧ ಮಸೂದೆ ತಂದದ್ದು ಇಂಥ ವಂಶಪಾರಂಪರ್ಯ ಚಾಕರಿಯನ್ನು ಮುರಿಯುವುದಕ್ಕೇ. ಸ್ವಲ್ಪ ಇನಾಂ ಭೂಮಿಯ ಆಸೆಗೆ ಇಡೀ ಜಾತಿ ಊರಿನ ಆಳಾಗಿ ಉಳಿಯಿತು ಎಂಬುದು ಅವರ ನೋವಾಗಿತ್ತು. ನಮ್ಮ ರಾಜ್ಯದಲ್ಲಿ ಗ್ರಾಮ ಕಚೇರಿಗಳ ರದ್ದತಿ ಕಾಯ್ದೆ ಬಂದದ್ದು 1961ರಲ್ಲಿ. ಕಾಗದದ ಮೇಲೆ ತೋಟಿತನ ಹೋಯಿತು. ಆದರೆ ಹಬ್ಬದ ದಿನ ಕೇರಿಗೆ ಬರುವ 'ಬಾರೋ' ಎಂಬ ಕೂಗು ಹೋಗಲಿಲ್ಲ. ಬಾರಿಸಲು ಒಲ್ಲೆ ಎಂದದ್ದಕ್ಕೆ ಅಂಗಡಿಯಲ್ಲಿ ಸಾಮಾನು ಕೊಡದೆ, ಕೂಲಿಗೆ ಕರೆಯದೆ ಬಹಿಷ್ಕಾರ ಹಾಕಿದ ಸುದ್ದಿಗಳನ್ನು ನಾವು ಇವತ್ತಿಗೂ ಪತ್ರಿಕೆಗಳಲ್ಲಿ ಓದುತ್ತಿದ್ದೇವೆ.

ಹಾಗಾದರೆ ಮಗ ಹೇಳುವುದು ಸರಿಯೇ, ಅಪ್ಪ ಮಾಡುವುದು ಸರಿಯೇ? ನಮ್ಮ ಚಳವಳಿ ಈ ಪ್ರಶ್ನೆಯನ್ನು ಹುಟ್ಟಿದಾಗಿನಿಂದ ಹೊತ್ತುಕೊಂಡು ತಿರುಗುತ್ತಿದೆ. ಪ್ರೊ. ಬಿ. ಕೃಷ್ಣಪ್ಪನವರ ಕಾಲದಿಂದ ದಲಿತ ಸಂಘರ್ಷ ಸಮಿತಿಯ ಸಭೆಗಳಲ್ಲಿ ತಮಟೆ ಎಸೆಯಿರಿ ಎಂದವರಿದ್ದಾರೆ. ಅದೇ ಸಭೆಗೆ ಜನ ಸೇರಿದ್ದು ತಮಟೆ ಸದ್ದಿಗೆ. 1994ರಲ್ಲಿ ಆಂಧ್ರದ ಪ್ರಕಾಶಂ ಜಿಲ್ಲೆಯ ಈದುಮೂಡಿಯಲ್ಲಿ ಒಳಮೀಸಲಾತಿ ಹೋರಾಟ ಶುರುವಾದಾಗ ಅದು ಹೊತ್ತ ಹೆಸರು ಮಾದಿಗ ದಂಡೋರ. ಊರಿಗೆ ಯಜಮಾನನ ಅಪ್ಪಣೆ ಸಾರಲು ಯಾರಿಂದ ದಂಡೋರ ಹಾಕಿಸುತ್ತಿದ್ದರೋ, ಅವರೇ ತಮ್ಮ ಪಾಲು ಕೇಳಲು ದಂಡೋರ ಹಾಕಿದರು. ವಾದ್ಯ ಅದೇ, ಕೈ ಅದೇ. ಬದಲಾದದ್ದು ಯಾರ ಮಾತನ್ನು ಸಾರುತ್ತಿದೆ ಎಂಬುದು.

ನಮಗೆ ಅನ್ನಿಸುವುದು ಇಷ್ಟು: ಅಪ್ಪ ಮಗ ಇಬ್ಬರೂ ಒಂದೇ ಕೆಲಸವನ್ನು ಬೇರೆ ಬೇರೆ ತುದಿಯಿಂದ ಮಾಡುತ್ತಿದ್ದಾರೆ. ಬೋರಿನ ಪೆಟ್ಟಿನ ಕೊನೆಯ ಸದ್ದನ್ನು ಬಾರಿಸದೆ ಬಿಡುವುದು ಅಪ್ಪನ ತೀರ್ಮಾನ. ಕೋಲನ್ನೇ ಮುಟ್ಟದಿರುವುದು ಮಗನ ತೀರ್ಮಾನ. ಒಲ್ಲೆ ಎನ್ನುವ ಹಕ್ಕಿಲ್ಲದವನು ಎಷ್ಟೇ ಚೆನ್ನಾಗಿ ಬಾರಿಸಿದರೂ ಅದನ್ನು ಊರು ಚಾಕರಿ ಎಂದೇ ಲೆಕ್ಕ ಹಾಕುತ್ತದೆ. ಒಲ್ಲೆ ಎನ್ನಬಲ್ಲವನು ಬಾರಿಸಿದಾಗ ಮಾತ್ರ ಊರು ಅದನ್ನು ಕಲೆ ಎಂದು ಕೇಳಬೇಕಾಗುತ್ತದೆ. ಆದ್ದರಿಂದ ತಮಟೆ ಉಳಿಸಿ ಎಂದು ಆ ಹುಡುಗನಿಗೆ ಉಪದೇಶ ಮಾಡುವ ಅಧಿಕಾರ ನಮಗಾಗಲಿ, ಯಾವ ಅಕಾಡೆಮಿಗಾಗಲಿ ಇಲ್ಲ. ಉಳಿಸಬೇಕೆಂದು ಅಷ್ಟು ಕಾಳಜಿ ಇದ್ದವರು ಮೊದಲು ದುಡ್ಡನ್ನು ಕೈಗೆ ಕೊಡುವುದನ್ನು ಕಲಿಯಲಿ.

ಇದನ್ನು ಊರ ಗೌಡರಿಗೆ ಹೇಳಿ ನಾವು ತಪ್ಪಿಸಿಕೊಳ್ಳುವಂತಿಲ್ಲ. ನಮ್ಮ ಸಭೆಗಳನ್ನು ನೆನಪಿಸಿಕೊಳ್ಳೋಣ. ಜನ ಸೇರುವವರೆಗೆ ತಮಟೆ. ಮೆರವಣಿಗೆ ಮುಂದೆ ತಮಟೆ. ನಾಯಕರು ಮೈಕ್ ಮುಂದೆ ಬಂದ ಕೂಡಲೇ 'ಸಾಕು ನಿಲ್ಸಪ್ಪಾ' ಎಂದು ಕೈ ಸನ್ನೆ. ಭಾಷಣ ಮುಗಿಯುವವರೆಗೆ ತಮಟೆಯವನು ವೇದಿಕೆ ಹಿಂದೆ ಬೀಡಿ ಸೇದುತ್ತಾ ನಿಂತಿರುತ್ತಾನೆ. ಕರಪತ್ರದಲ್ಲಿ ಭಾಷಣಕಾರರ ಹೆಸರಿರುತ್ತದೆ. ಅವನದು 'ತಮಟೆ ವಾದನ', ಅಷ್ಟೇ. ಹಿರಿಯರು ಇದನ್ನು ದೂರಾಗಿ ಹೇಳಲಿಲ್ಲ, ನಗುತ್ತಾ ಹೇಳಿದರು. ನಮಗೆ ನಗು ಬರಲಿಲ್ಲ.

ಎರಡನೆಯ ದಿನ ಸಿಕ್ಕವರು ಬೋರ್ಡು ಬರೆಯುವ ಕಲಾವಿದರು. ಅಂಗಡಿ ಬೋರ್ಡು, ಲಾರಿ ಹಿಂದಿನ ಬರಹ, ಚುನಾವಣೆ ಗೋಡೆ ಎಲ್ಲ ಬರೆದ ಕೈ. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಾಲು ಭಾಗಕ್ಕೆ ಇಳಿದಿದೆ ಎಂದರು. ಆದರೂ ಕೇರಿಗಳಿಂದ ಒಂದು ಕೆಲಸಕ್ಕೆ ಅವರನ್ನೇ ಕರೆಯುತ್ತಾರೆ. ಊರ ಮುಂದಿನ ಸಂಘದ ಬೋರ್ಡಿನಲ್ಲಿ ಅಂಬೇಡ್ಕರ್ ಚಿತ್ರ ಬರೆಯುವುದಕ್ಕೆ. "ಫ್ಲೆಕ್ಸು ಎರಡು ಬ್ಯಾಸ್ಗೆಗೆ ಬಿಳುಚ್ಕೊಂಡು ಹರಿದೋಗುತ್ತೆ ಸಾರ್. ಎನಾಮಲ್ಲು ತಗಡಿನ ಮೇಲೆ ನಿಲ್ಲುತ್ತೆ."

ಎಲ್ಲಿಂದ ಶುರು ಮಾಡುತ್ತೀರಿ ಎಂದೆವು. "ಚೌಕ ಹಾಕ್ಕೊಂಡು ಮೊದ್ಲು ಕನ್ನಡಕ ಕೂರಿಸ್ತೀನಿ. ಕನ್ನಡಕ ಸರಿಯಾಗಿ ಕುಂತ್ರೆ ಮುಖ ತಾನಾಗೇ ಬರುತ್ತೆ. ಕನ್ನಡಕ ಒಂದು ನೂಲು ಸೊಟ್ಟ ಆದ್ರೆ ಯಾರೋ ಅಮಲ್ದಾರರು ಬಂದು ಕೂತಂಗೆ ಕಾಣುತ್ತೆ." ಎಲ್ಲರೂ ನಕ್ಕೆವು. ಆಮೇಲೆ ಬಣ್ಣದ ಮಾತು ಬಂತು. ಇದು ನಾವು ಯಾವ ಕಲಾ ವಿಮರ್ಶೆಯಲ್ಲೂ ಓದದ ಮಾತು.

ಬಾಬಾಸಾಹೇಬರ ಫೋಟೋಗಳು ಬಹುಮಟ್ಟಿಗೆ ಕಪ್ಪು ಬಿಳುಪಿನವು. 1967ರಲ್ಲಿ ಸಂಸತ್ ಭವನದ ಆವರಣದಲ್ಲಿ ನಿಂತ, ಬಿ.ವಿ. ವಾಘ್ ಮಾಡಿದ ಪ್ರತಿಮೆ ಕಂಚಿನದು. ಅಂದರೆ ಹಳ್ಳಿ ಹಳ್ಳಿಯ ತಗಡಿನ ಮೇಲೆ, ಸಿಮೆಂಟಿನ ಮೇಲೆ ಅವರಿಗೆ ಬಣ್ಣ ಕೊಟ್ಟವರು ಇಂಥ ಹೆಸರಿಲ್ಲದ ಪೇಂಟರುಗಳು. ಕೋಟಿನ ನೀಲಿಗೆ ಒಂದು ಇತಿಹಾಸವಿದೆ; ಅದು 1942ರಲ್ಲಿ ಅವರು ಕಟ್ಟಿದ ಶೆಡ್ಯೂಲ್ಡ್ ಕಾಸ್ಟ್ಸ್ ಫೆಡರೇಷನ್ನಿನ ಬಾವುಟದ ಬಣ್ಣ. ಆದರೆ ಮೈಬಣ್ಣ? ಅದನ್ನು ಪ್ರತಿ ಸಲವೂ ಕುಂಚ ಹಿಡಿದವನೇ ತೀರ್ಮಾನ ಮಾಡಬೇಕು. ಫ್ಲೆಕ್ಸಿನವರು ಕಂಪ್ಯೂಟರಿನಲ್ಲಿ ಕೆನ್ನೆಗೆ ಗುಲಾಬಿ ಬಳಿದು ಬೆಳ್ಳಗೆ ಮಾಡುತ್ತಾರೆ, ಸಿನಿಮಾ ನಟರಿಗೆ ಮಾಡಿದ ಹಾಗೆ. ಈ ಪೇಂಟರು ಒಂದು ಕೇರಿಯಲ್ಲಿ ಕಂದು ಬಣ್ಣ ಬೆರೆಸಿ ಬರೆದಾಗ ಹುಡುಗರು ಜಗಳಕ್ಕೆ ಬಂದರಂತೆ: ಸಾಹೇಬರನ್ನು ಯಾಕೆ ಕಪ್ಪು ಮಾಡಿದೆ? "ನಿನ್ ಕೈ ತಂದು ಪಕ್ಕಕ್ಕೆ ಇಡಪ್ಪ ಅಂದೆ. ಇಟ್ಟ. ಅದೇ ಬಣ್ಣ. ಸುಮ್ಮಗಾದ. ಆ ಬೋರ್ಡು ಹಂಗೇ ಅದೆ. ಇನ್ನೊಂದೂರಲ್ಲಿ ಒಪ್ಲಿಲ್ಲ, ದುಡ್ಡು ಕೊಡಲ್ಲ ಅಂದ್ರು. ಬೆಳ್ಳಗೆ ಮಾಡಿ ಕೊಟ್ಟು ಬಂದೆ. ಸುಳ್ಳು ಯಾಕೆ ಹೇಳ್ಲಿ."

ಗೆದ್ದ ಕಥೆಯ ಜೊತೆಗೆ ಸೋತದ್ದನ್ನೂ ಹೇಳಿದ್ದಕ್ಕೆ ಅವರ ಮೇಲೆ ನಮಗೆ ಗೌರವ ಹೆಚ್ಚಾಯಿತು. ಬಿಳುಪೇ ಚೆಂದ ಎಂಬುದು ಕೇರಿಯೊಳಕ್ಕೂ ನುಗ್ಗಿ ನಮ್ಮ ನಾಯಕನ ಕೆನ್ನೆಗೇ ಬಣ್ಣ ಬಳಿಸುತ್ತದೆ. ಅದರ ವಿರುದ್ಧ ಒಬ್ಬ ಪೇಂಟರು ತಗಡಿನ ಮೇಲೆ ಒಬ್ಬನೇ ನಿಂತು ಹೋರಾಡಿ, ಒಂದು ಊರಿನಲ್ಲಿ ಗೆದ್ದು, ಒಂದು ಊರಿನಲ್ಲಿ ಸೋತಿದ್ದಾರೆ. ಅವರನ್ನು ನಾವು ಕಲಾವಿದ ಎನ್ನುವುದಿಲ್ಲ, 'ಬೋರ್ಡು ಬರೆಯೋನು' ಎನ್ನುತ್ತೇವೆ.

ಚರ್ಮದ ಮಾತಿಗೆ ಮತ್ತೆ ಬರಬೇಕು. ಹಿರಿಯ ತಮಟೆಯವರು ಒಂದು ನೆನಪು ಹೇಳಿದ್ದರು: ತಾವು ಹುಡುಗರಾಗಿದ್ದಾಗ ತೊಗಲುಗೊಂಬೆಯವರು ಊರಾಚೆ ಬಿಡಾರ ಹೂಡುತ್ತಿದ್ದರು, ಅವರೂ ಆಡಿನ ಚರ್ಮವನ್ನೇ ಹದ ಮಾಡುತ್ತಿದ್ದರು. ಶಿಳ್ಳೇಕ್ಯಾತರ ಆ ಚರ್ಮ ತೆಳುವಾಗಿ, ಉಳಿಯಿಂದ ತೂತು ಬಿದ್ದು, ಬಣ್ಣ ಹತ್ತಿ, ದೀಪದ ಮುಂದೆ ರಾಮ ರಾವಣರಾಗುತ್ತದೆ. ಬೆಂಗಳೂರಿನಲ್ಲಿ 1960ರಲ್ಲಿ ಶುರುವಾದ ಚಿತ್ರಕಲಾ ಪರಿಷತ್ತಿಗೆ ಎಂ.ಎಸ್. ನಂಜುಂಡರಾಯರು ಊರೂರು ಅಲೆದು ಇಂಥ ಗೊಂಬೆಗಳನ್ನು ಕೂಡಿಹಾಕಿದ್ದು ದೊಡ್ಡ ಕೆಲಸ. ಗಡಿಯಾಚೆ ಧರ್ಮವರಂ ಹತ್ತಿರದ ನಿಮ್ಮಲಕುಂಟದಲ್ಲಿ ಆಟ ನೋಡುವವರು ಕಡಿಮೆಯಾದ ಮೇಲೆ ಅದೇ ಕೈಗಳು ಅದೇ ಚರ್ಮದಲ್ಲಿ ದೀಪದ ಬುರುಡೆ, ಗೋಡೆಯ ಅಲಂಕಾರ ಮಾಡಿ ಬದುಕುತ್ತಿವೆ. ಆ ಊರಿನ ದಳವಾಯಿ ಚಲಪತಿರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ದೀಪದ ಮುಂದೆ ಹಿಡಿದ ಚರ್ಮ ವಸ್ತುಸಂಗ್ರಹಾಲಯದ ಗಾಜಿನೊಳಗೆ ಹೋಗುತ್ತದೆ. ಬೆಂಕಿಗೆ ಹಿಡಿದು ಬಡಿದ ಚರ್ಮ ಮಾತ್ರ ಗುಡಿಯ ಹೊಸ್ತಿಲು ದಾಟಬಾರದು. ಮೈಲಿಗೆ ಚರ್ಮದ್ದ, ಅದನ್ನು ಹಿಡಿದ ಜಾತಿಯದ್ದ?

ಪದ್ಮಶ್ರೀ ತಮಟೆಗೂ ಬಂದಿದೆ. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ಬಂದಾಗ ನಾವೂ ಎದೆಯುಬ್ಬಿಸಿ ನಡೆದವರೇ. ಆ ಸಂತೋಷ ಸುಳ್ಳಲ್ಲ. ಆದರೆ ದೆಹಲಿಯಲ್ಲಿ ಒಬ್ಬರ ಕೈಗೆ ಪದಕ ಕೊಟ್ಟದ್ದರಿಂದ ಹಳ್ಳಿಯಲ್ಲಿ ಇನ್ನೊಬ್ಬರ ಕೈಗೆ ದುಡ್ಡು ಕೊಡುವ ಅಭ್ಯಾಸ ತಾನಾಗಿ ಬಂದುಬಿಡುವುದಿಲ್ಲ.

ಹೊರಡುವ ಹೊತ್ತಿಗೆ ಇನ್ನೊಂದು ಪೆಟ್ಟು ಬಿತ್ತು. ಎರಡು ದಿನವೂ ನಮಗೆ ಮುದ್ದೆ ಸಾರು ಬಡಿಸಿದ್ದು ತಮಟೆಯವರ ಹೆಂಡತಿ. ಪುಸ್ತಕ ಮಡಿಸುತ್ತಿದ್ದಾಗ ಆಯಮ್ಮ ಅಂದರು: "ಎಲ್ಲಾ ಗಂಡುಸ್ರುನ್ನೇ ಕೇಳ್ಕಂಡ್ ಹೊಂಟ್ರಿ. ಕಳೆ ಕೀಳೋವಾಗ ನಾವು ಹಾಡೋದೆಲ್ಲ ಯಾರ್ ಕಟ್ಟಿದ್ದು ಅಂದ್ಕಂಡಿದ್ದೀರಿ?" ನಮ್ಮ ಪೈಕಿ ಯಾರಿಗೂ ಉತ್ತರ ಬರಲಿಲ್ಲ. ಮತ್ತೆ ಕೂತೆವು. ಹಳೇ ಸೋಬಾನೆಯ ಧಾಟಿ ಹಿಡಿದು, ಪಾವಗಡದ ಸೋಲಾರ್ ಫಲಕಗಳ ಮೇಲೆ ಕೂಲಿ ಹೆಂಗಸರು ಪದ ಕಟ್ಟಿದ್ದಾರಂತೆ. ತಿರುಮಣಿಯ ಸುತ್ತ 13,000 ಎಕರೆಯಲ್ಲಿ ಆ ಪಾರ್ಕು ಎದ್ದಿದೆ, 2018ರಲ್ಲಿ ಅದರ ಮೊದಲ ಹಂತ ಶುರುವಾಯಿತು. ಜಮೀನಿದ್ದವರಿಗೆ ವರ್ಷ ವರ್ಷ ಗುತ್ತಿಗೆ ಹಣ ಬರುತ್ತದೆ. ಆ ಜಮೀನಿನಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಬದುಕುತ್ತಿದ್ದವರಿಗೆ ಗುತ್ತಿಗೆ ಇಲ್ಲ, ಕೂಲಿಯೂ ಇಲ್ಲ. ಆ ಪದದಲ್ಲಿ ಸೂರ್ಯ ದೇವರಲ್ಲ, ಕೂಲಿ ಕದ್ದವನು. ಹಾಡಿ ತೋರಿಸಿದರು, ಬರೆದುಕೊಳ್ಳಬೇಡಿ ಎಂದರು. ಬರೆದುಕೊಳ್ಳಲಿಲ್ಲ.

ಅದೇ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರನ್ನು ನಾವು ಅಲ್ಲೇ ನೆನೆದೆವು. 2018ರಲ್ಲಿ ಪದ್ಮಶ್ರೀ ಪಡೆದು, ಆ ವರ್ಷದ ಕೊನೆಗೇ ತೀರಿಹೋದರು. ಸಾವಿರಾರು ಹೆರಿಗೆ ಮಾಡಿಸಿದರು ಎಂದು ಲೆಕ್ಕ ಹೇಳಿ ನಾವೂ ಭಾಷಣ ಮಾಡಿದ್ದೇವೆ. ಕತ್ತಲ ಗುಡಿಸಲಿನಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟಾಗ ಆ ಬೆರಳಿಗೆ ಏನು ತಿಳಿಯುತ್ತಿತ್ತು ಎಂದು ನಾವಂತೂ ಹೋಗಿ ಕೇಳಲಿಲ್ಲ. ಈಗ ಕೇಳುವುದಕ್ಕೆ ಅವರಿಲ್ಲ. ಎಷ್ಟು ಎಂಬ ಪ್ರಶ್ನೆಗೆ ಕಡತದಲ್ಲಿ ಉತ್ತರ ಉಳಿಯುತ್ತದೆ. ಹೇಗೆ ಎಂಬುದನ್ನು ಬದುಕಿದ್ದಾಗಲೇ ಕೇಳಬೇಕು.

ಹೇಗೆ ಎಂದು ಕೇಳಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನಡುವೆಯೇ ಉದಾಹರಣೆಗಳಿವೆ. ಕೋಲಾರದ ತೇರಹಳ್ಳಿ ಬೆಟ್ಟದ ಮೇಲೆ ಕೋಟಿಗಾನಹಳ್ಳಿ ರಾಮಯ್ಯನವರು ಗೆಳೆಯರೊಂದಿಗೆ ಕಟ್ಟಿದ ಆದಿಮದಲ್ಲಿ ಹುಣ್ಣಿಮೆಯ ರಾತ್ರಿ ಹಾಡಿಗೂ ತಮಟೆಗೂ ಭಾಷಣದಷ್ಟೇ ಜಾಗ ಸಿಕ್ಕಿತು. ಕೆ.ಬಿ. ಸಿದ್ದಯ್ಯನವರ ಬರಹವನ್ನು ಇಟ್ಟುಕೊಂಡು ಕೆ.ಪಿ. ಲಕ್ಷ್ಮಣ್ ರಂಗಕ್ಕೆ ತಂದ 'ದಕ್ಲಕಥಾ ದೇವಿಕಾವ್ಯ'ದಲ್ಲಿ ಅರೆ ಮತ್ತು ತಮಟೆ ಹಿನ್ನೆಲೆಯ ಸಂಗೀತವಾಗಿ ಕೂರುವುದಿಲ್ಲ. ಮುಂದೆ ಬಂದು ಕಥೆ ಹೇಳುತ್ತವೆ. ಹೆಣ್ಣುಮಕ್ಕಳ ತಮಟೆ ತಂಡಗಳೂ ಈಗ ವೇದಿಕೆ ಏರುತ್ತಿವೆ. ಆದರೂ ನಗರದ ರಂಗಮಂದಿರದಲ್ಲಿ ಟಿಕೆಟ್ ಕೊಂಡು ಎದ್ದು ನಿಂತು ಚಪ್ಪಾಳೆ ತಟ್ಟುವ ನಾವು, ನಮ್ಮೂರಿನ ಜಾತ್ರೆಯಲ್ಲಿ ಅದೇ ತಮಟೆಯವನ ಮುಂದೆ ದುಡ್ಡು ನೆಲಕ್ಕೆ ಬಿದ್ದಾಗ ಬಾಯಿ ಬಿಡುತ್ತೇವೆಯೇ ಎಂದು ಕೇಳಿಕೊಳ್ಳಬೇಕು.

ಈ ಪತ್ರಿಕೆ ಓದುವ ಮೇಷ್ಟ್ರುಗಳು, ವಿದ್ಯಾರ್ಥಿಗಳು ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ನಿಮ್ಮೂರಿನ ಕೇರಿಯಲ್ಲಿ, ಹಟ್ಟಿಯಲ್ಲಿ, ಪೇಟೆಯ ಬೋರ್ಡು ಅಂಗಡಿಯಲ್ಲಿ ಇಂಥವರಿದ್ದಾರೆ. ಹೋಗಿ ಕೂರಿ. ಅವರ ಕಷ್ಟವನ್ನು ಕೇಳಿ, ಆದರೆ ಅಷ್ಟಕ್ಕೇ ಎದ್ದು ಬರಬೇಡಿ. ಯಾವಾಗ ಸಾಕು ಅನ್ನಿಸುತ್ತದೆ, ಯಾವುದನ್ನು ಬಿಡುತ್ತೀರಿ, ಯಾವುದು ನೀವೇ ಕಟ್ಟಿದ್ದು, ಎಲ್ಲಿ ಸೋತಿರಿ ಎಂದು ಕೇಳಿ. ಅವರ ದಿನದ ಕೂಲಿ ಹೋಗಿದ್ದರೆ ಕೊಡಿ, ಕೈಗೇ ಕೊಡಿ. ಹೆಸರು ಹಾಕಿ ಎಂದರೆ ದೊಡ್ಡ ಅಕ್ಷರದಲ್ಲಿ ಹಾಕಿ, ಬೇಡ ಎಂದರೆ ಯಾಕೆ ಬೇಡ ಎಂಬುದನ್ನು ಬರೆಯಿರಿ. ಮುಂದಿನ ಸಭೆಗೆ ತಮಟೆಯವರನ್ನು ಕರೆದರೆ ಅವರಿಗೂ ಹತ್ತು ನಿಮಿಷ ಮೈಕ್ ಕೊಡಿ.

ಬಸ್ಸಿಗೆ ಕಾಯುವಾಗ ಮಗ ನಮ್ಮ ಜೊತೆ ರಸ್ತೆಯವರೆಗೂ ಬಂದ. ನೀನು ಯಾವತ್ತೂ ಬಾರಿಸುವುದೇ ಇಲ್ಲವಾ ಎಂದು ನಮ್ಮ ಹುಡುಗಿ ಕೇಳಿದಳು. "ನಮ್ಮ ಮದುವೆಗೆ, ನಮ್ಮ ಕೇರಿ ಹಬ್ಬಕ್ಕೆ, ಏಪ್ರಿಲ್ ಹದಿನಾಲ್ಕಕ್ಕೆ ಬಾರಿಸೋಣ ಅಂತ ಒಂದೊಂದ್ಸಲ ಅನ್ಸುತ್ತೆ. ಅಪ್ಪನ್ ಹತ್ರ ಆ ಬೋರಿಂದು ಕಲೀಬೇಕು," ಅಂದ. ಸ್ವಲ್ಪ ಹೊತ್ತು ಬಿಟ್ಟು, "ಹಂಗಂತ ಪತ್ರಿಕೇಲಿ ಬರ್ದು ನಂಗೆ ಒಪ್ಪಿಸ್ಬೇಡಿ. ನಾನಿನ್ನೂ ತೀರ್ಮಾನ ಮಾಡಿಲ್ಲ," ಅಂದ.

ಅವನು ತೀರ್ಮಾನ ಮಾಡಿಲ್ಲ ಎಂದೇ ನಾವು ಬರೆಯುತ್ತಿದ್ದೇವೆ. ತೀರ್ಮಾನ ಅವನದು.